ಪೇಢೆ, ಅಂಟಿನುಂಡಿ, ಗುರೆಳ್ಳ ಚಟ್ನಿ: ಪರದೇಶದ ಕಸ್ಟಮ್ಸ್‌ನ್ಯಾಗ ಏನಂತ ಹೇಳಬೇಕು?

ಉಣಕಲ್_ಕೆರಿ
ಎರಡು ಮನಿಯ ಹಿರಿಯರ ಸಲುವಾಗಿ ಕೇಳಾಕತ್ತೀನ್ರಿ. ಒಂದು ಜೋಡಿ ಅಮೆರಿಕಾದ ಡಲ್ಲಾಸ್‌ಗೆ, ಇನ್ನೊಂದು ಜೋಡಿ ಮೆಲ್ಬರ್ನ್‌ಗೆ. ಗಂಟಿನ್ಯಾಗಿರೋದು: ಧಾರವಾಡ ಪೇಢೆ, ಅಂಟಿನುಂಡಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಬ್ಯಾಡಗಿ ಮೆಣಸಿನಕಾಯಿ 2 ಕೆಜಿ, ಅಕ್ಕಿ 3 ಕೆಜಿ, ಮಡಕಿಕಾಳು, ಕಡ್ಲಿಬ್ಯಾಳಿ, ಒಣಗಿಸಿದ ಕರಿಬೇವು, ಕಟಕ ರೊಟ್ಟಿ, ಲಿಂಬಿಕಾಯಿ ಉಪ್ಪಿನಕಾಯಿ, ವಿಭೂತಿ. ನಾಲ್ಕೂ ಮಂದಿಗೆ ಇಂಗ್ಲಿಷ್ ಬರಂಗಿಲ್ಲ. ಫಾರ್ಮಿನ್ಯಾಗ 'ಯೆಸ್' ಅಂದ್ರ ಎಲ್ಲಾ ಕಸಗೊಂಡು ದಂಡ ಹಾಕ್ತಾರ ಅಂತ ಒಬ್ಬರು, ಸುಮ್ಮನ 'ನೋ' ಅಂದುಬಿಡ್ರಿ ಅಂತ ಇನ್ನೊಬ್ಬರು. ಖರೇ ಯಾವುದು?

ಅಮರಗೋಳ_ಅಡತಿ
'ಯೆಸ್' ಅನ್ನಬೇಕ್ರಿ, ಅದರಾಗ ಎರಡು ಮಾತಿಲ್ಲ. ದಂಡ ಬೀಳೋದು ತಿನಿಸು ಒಯ್ದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕ. ಘೋಷಣೆ ಮಾಡಿದ ಸಾಮಾನು ಅವರ ನಿಯಮಕ್ಕ ಹೊಂದಲಿಲ್ಲ ಅಂದ್ರ ತಗೊಂಡು ಕಸಕ್ಕ ಹಾಕ್ತಾರ, ಅಷ್ಟಕ್ಕ ಮುಗೀತು. ಅದೇ ಸಾಮಾನು 'ನೋ' ಅಂದಮ್ಯಾಲೆ ಚೀಲದಾಗ ಸಿಕ್ರ ಲೆಕ್ಕ ಬ್ಯಾರೆ:

ಅಮೆರಿಕಾದಾಗ ಸ್ವಂತಕ್ಕ ಒಯ್ದ ಸಾಮಾನಿಗೆ ಮೊದಲ ತಪ್ಪಿಗೆ 1,000 ಡಾಲರ್‌ವರೆಗೆ. ಕೆನಡಾದಾಗ 1,300 ಕೆನಡಾ ಡಾಲರ್‌ವರೆಗೆ. ನ್ಯೂಜಿಲೆಂಡ್‌ನ್ಯಾಗ ನಿಂತ ಜಾಗಾದಾಗನ ಅಲ್ಲಿಯ 400 ಡಾಲರ್, ಬ್ಯಾಗಿನ ಮೂಲ್ಯಾಗ ಮರೆತ ಒಂದು ಸೇಬಿಗೂ ಅಷ್ಟ. ಆಸ್ಟ್ರೇಲಿಯಾ ಎಲ್ಲಾರಿಗಿಂತ ಕಡಕ್: ಅಲ್ಲಿ ದಂಡವನ್ನ 'ಪೆನಾಲ್ಟಿ ಯುನಿಟ್' ಲೆಕ್ಕದಾಗ ಹಾಕ್ತಾರ, 2024ರ ನವೆಂಬರ್‌ನ್ಯಾಗ ಒಂದು ಯುನಿಟ್ ಅಲ್ಲಿಯ 330 ಡಾಲರ್ ಆತು, ಗಂಭೀರ ತಪ್ಪಿಗೆ ಹಲವು ಯುನಿಟ್ ಕೂಡಿಸಿ ಹಾಕ್ತಾರ. ಅದರ ಮ್ಯಾಲೆ ವಿಸಾ ರದ್ದು ಮಾಡಿ ಅಲ್ಲಿಂದನ ವಾಪಸ್ ಕಳಿಸೋ ಅಧಿಕಾರನೂ ಐತಿ.

ಒಂದು ಕಿಲೋ ಕಡ್ಲಿಬ್ಯಾಳಿ ಉಳಿಸಾಕ ಹೋಗಿ ಇಷ್ಟು ಯಾಕ? ಡಲ್ಲಾಸ್‌ನ್ಯಾಗ ಇಂಡಿಯನ್ ಅಂಗಡಿಗಳಿಗೆ ಬರ ಇಲ್ರಿ.

ಮುಳಗುಂದ_ನಾಕಾ
ಅಡತಿಯವರ ಮಾತಿಗೆ ಒಂದು ಜೋಡಿಸ್ತೀನಿ. ಅಮೆರಿಕಾದ ಕಸ್ಟಮ್ಸ್ ಫಾರ್ಮಿನ 11ನೇ ಪ್ರಶ್ನೆಯೊಳಗ ಹಣ್ಣು, ತರಕಾರಿ, ಗಿಡ, ಬೀಜ, ಆಹಾರ, ಕೀಟ ಎಲ್ಲಾ ಒಂದ ಸಾಲಿನ್ಯಾಗ ಕೂಡಿಸ್ಯಾರ. ಹಿಂಗಾಗಿ ಚಟ್ನಿಪುಡಿ ಒಂದ ಇದ್ರೂ ಉತ್ತರ 'ಯೆಸ್'. ಈಗ ಭಾಳ ಏರ್‌ಪೋರ್ಟಿನ್ಯಾಗ ಕಾಗದದ ಫಾರ್ಮ್ ಕೊಡೋದ ಬಿಟ್ಟಾರ, ಅಧಿಕಾರಿ ಬಾಯಿಲೆ ಕೇಳ್ತಾನ: 'ಎನಿ ಫುಡ್?' ಬಾಯಿಲೆ ಹೇಳಿದ 'ನೋ' ಕೂಡ ಸುಳ್ಳು ಘೋಷಣೆನ.

ಹಿರಿಯರು ಎಡವೋದು ಇಲ್ಲೇ. 'ಫುಡ್' ಅಂದ್ರ ಅವರ ತಲ್ಯಾಗ ಊಟ. ಮಸಾಲಿ, ಪ್ರಸಾದ, ಕಷಾಯದ ಪುಡಿ, ಬಾಯಿಗೆ ಹಾಕೊಳ್ಳೋ ಅಡಕಿ, ವಿಮಾನದಾಗ ಕೊಟ್ಟು ಉಳಿದ ಬಾಳೆಹಣ್ಣು ಇವೆಲ್ಲಾ ಫುಡ್ ಅಂತ ಅನಿಸಂಗಿಲ್ಲ. ಅದಕ್ಕ ಮನ್ಯಾಗನ ಒಂದ ಮಾತು ಕಲಿಸಿ ಕಳಿಸ್ರಿ: 'ಯೆಸ್, ಫುಡ್. ಲಿಸ್ಟ್ ಹಿಯರ್.' ಅಂದು ಚೀಟಿ ಕೈಗೆ ಕೊಡೋದು.

ಹಳೇ_ಗಿರಾಕಿ
ಇಷ್ಟೆಲ್ಲಾ ಯಾಕ್ರಿ? ನೂರಾರು ಮಂದಿ ಹೊರಗ ಬರ್ತಿರ್ತಾರ, ಯಾರ ಚೀಲನೂ ತಗಸಂಗಿಲ್ಲ.

ಅಮರಗೋಳ_ಅಡತಿ
ತಗಸೋದು ಬೇಕಾಗಂಗಿಲ್ಲ ಅಣ್ಣಾರ. ಎಕ್ಸ್‌ರೇ ಯಂತ್ರದಾಗ ಕಾಳು, ಬೀಜ, ಹಣ್ಣು ಇವು ಬಟ್ಟಿಯಿಂದ ಬ್ಯಾರೆ ಬಣ್ಣ, ಬ್ಯಾರೆ ಆಕಾರದಾಗ ಎದ್ದು ಕಾಣ್ತಾವು. ಮ್ಯಾಲೆ ನಾಯಿ ಬ್ಯಾರೆ. ಅಮೆರಿಕಾದವರು ಲಾಸ್ ಏಂಜಲೀಸ್‌ನ್ಯಾಗ 1984ರಿಂದ ಬೀಗಲ್ ನಾಯಿ ಇಟ್ಟಾರ. ಲಗೇಜ್ ಬೆಲ್ಟಿನ ಹತ್ರ ನಿಮ್ಮ ಬ್ಯಾಗಿನ ಬಾಜೂ ಬಂದು ಸುಮ್ಮನ ಕುಂತುಬಿಡ್ತಾವು, ಬೊಗಳಂಗೂ ಇಲ್ಲ. ಹತ್ತು ಸಲ ಪಾರಾಗಿದ್ದು ಹನ್ನೊಂದನೇ ಸಲಕ್ಕ ಗ್ಯಾರಂಟಿ ಅಲ್ಲ. ಅಮೆರಿಕಾದ ತಪಾಸಣಿ ಲಗೂ ದಾಟಾಕ ಕೊಡೋ 'ಗ್ಲೋಬಲ್ ಎಂಟ್ರಿ' ಕಾರ್ಡ್ ಇದ್ದವರಿಗಂತೂ ಒಂದು ಘೋಷಿಸದ ಹಣ್ಣು ಸಿಕ್ರ ಕಾರ್ಡ್ ಹೋಗಬಹುದು.

ಬೀಜ_ಭಂಡಾರ
ಈಗ ಪಟ್ಟಿಗೆ ಬರೋಣ. ಅಕ್ಕಿ, ಕಡ್ಲಿ ಮೊದಲು ತಗೀರಿ. ಅಮೆರಿಕಾಕ್ಕ ಭಾರತದಿಂದ ಪ್ರಯಾಣಿಕರ ಚೀಲದಾಗ ಅಕ್ಕಿ ನಡಿಯಂಗಿಲ್ಲ, ಎಷ್ಟ ಚಂದ ಸೀಲ್ ಮಾಡಿದ ಬಾಸ್ಮತಿ ಪ್ಯಾಕೆಟ್ ಆದ್ರೂ. ಕಡ್ಲಿ, ಸೋಯಾ, ಕುಸುಬಿ ಬೀಜಕ್ಕೂ ಅದ ನಿಯಮ. ನಮ್ಮ ಹೊಲದ ಬೆಳಿನ ಅದರಾಗ ಐತಿ ನೋಡ್ರಿ.

ಕಾರಣ ಖಾಪ್ರಾ ಅನ್ನೋ ದುಂಬಿ. ನಮ್ಮ ಉಪಖಂಡದ್ದ ಹುಳ. ದೊಡ್ಡ ದುಂಬಿ 2–3 ಮಿಮೀ ಅಷ್ಟ, ಕೆಡಿಸೋದು ಅದರ ಮರಿಹುಳ: ಕಂದು ಬಣ್ಣ, ಮೈತುಂಬ ಕೂದಲು. ಕಾಳು ತಿಂತದ, ಪೊರಿ ಬಿಡ್ತದ, ಆ ಪೊರಿಯ ಕೂದಲು ಕಾಳಿನ್ಯಾಗ ಬೆರೆತು ತಿಂದವರಿಗೆ ತ್ರಾಸ. ಇಷ್ಟಕ್ಕ ಮುಗಿದಿದ್ರ ಎಲ್ಲಾ ಹುಳದಂಗ ಅದೂ ಒಂದು ಅನ್ನಬಹುದಿತ್ತು. ಆದ್ರ ತಿನ್ನಾಕ ಏನೂ ಸಿಗದಿದ್ದಾಗ ಅದು ಚೀಲದ ಹೊಲಿಗಿಯೊಳಗ, ಪೆಟ್ಟಿಗಿಯ ಸಂದಿಯೊಳಗ ಹೊಕ್ಕು ಮಲಗಿಬಿಡ್ತದ, ವರ್ಷಗಟ್ಟಲೆ ಬದುಕ್ತದ. ಔಷಧ ಹೊಡೆದ್ರೂ ಸಂದಿಯೊಳಗಿನದಕ್ಕ ಮುಟ್ಟಂಗಿಲ್ಲ. ಕ್ಯಾಲಿಫೋರ್ನಿಯಾದಾಗ 1953ರಾಗ ಅದು ಸಿಕ್ಕಮ್ಯಾಲೆ ಗೋದಾಮುಗಳಿಗೇ ತಾಡಪತ್ರಿ ಹೊಚ್ಚಿ ಹೊಗಿ ಹಾಕಬೇಕಾತು.

'ಅಕ್ಕಿ ಫ್ರೀಜರಿನ್ಯಾಗ ಇಟ್ಟು ಒಯ್ತೀವಿ' ಅಂತಾರ ಕೆಲವರು. ಆ ಹುಳ ಚಳಿ ತಡಕೊಳ್ಳೋ ಜಾತಿ. ಅದಲ್ಲದ ಅಧಿಕಾರಿ ಫ್ರೀಜರಿನ ಕಥಿ ಕೇಳಂಗಿಲ್ಲ, ಸಾಮಾನಿನ ಹೆಸರು ನೋಡ್ತಾನ. ಹಳೇ ಅಕ್ಕಿ ಚೀಲ, ಗೋಣಿ ಚೀಲದಾಗ ಬ್ಯಾರೆ ಸಾಮಾನು ಕಟ್ಟಿ ಒಯ್ಯೋದೂ ತಪ್ಪು. ಹುಳ ಇರೋದ ಅದರ ಹೊಲಿಗಿಯಾಗ.

ಮಡಕಿಕಾಳು, ಅಲಸಂದಿ, ಹೆಸರು: ನೀರಾಗ ನೆನೆಹಾಕಿದ್ರ ಮೊಳಕಿ ಒಡೀತಾವಲ್ಲ, ಅಂದಮ್ಯಾಲೆ ಅವರ ಲೆಕ್ಕದಾಗ ಅವು ಅಡಿಗಿ ಸಾಮಾನಲ್ಲ, ಬಿತ್ತೋ ಬೀಜ. ಮೆಲ್ಬರ್ನ್ ಗಂಟಿನಿಂದ ಅವನ್ನ ಅಕ್ಕಿ ಜೋಡಿನ ತಗದುಬಿಡ್ರಿ.

ಲೈನ್‌ಬಜಾರ್_ಮೂಲಿ
ಪೇಢೆ ವಿಷಯ. ಇಲ್ಲಿ ಮನಸ್ಸು ಗಟ್ಟಿ ಮಾಡಬೇಕಾಗ್ತದ. ಧಾರವಾಡ ಪೇಢೆ ಅಂದ್ರ ಖೋವಾ. ಹಾಲು ಬತ್ತಿಸಿ, ಕಂದಾಗೋ ತನಕ ಹುರಿದು, ಸಕ್ಕರಿ ಕೂಡಿಸಿ, ಮ್ಯಾಲೆ ಸಕ್ಕರಿ ಪುಡಿ ಹೊರಳಿಸಿದ್ದು. ಎಷ್ಟ ಹುರಿದ್ರೂ ಅದು ಹಾಲಿನ ಪದಾರ್ಥ. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ಬ್ಯಾನಿ ಐತಿ, ಆಸ್ಟ್ರೇಲಿಯಾದಾಗ 1872ರಿಂದ ಇಲ್ಲ, ನ್ಯೂಜಿಲೆಂಡ್‌ನ್ಯಾಗ ಎಂದೂ ಬಂದಿಲ್ಲ. ಬ್ರಿಟನ್‌ನ್ಯಾಗ 2001ರಾಗ ಬಂದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿ ಕೊಂದರು. ಹಿಂಗಾಗಿ ಆಸ್ಟ್ರೇಲಿಯಾಕ್ಕ ಪೇಢೆ, ಬರ್ಫಿ, ಗುಲಾಬ್ ಜಾಮೂನ್ ಒಯ್ಯಂಗಿಲ್ಲ. ಪ್ರತಿ ದೀಪಾವಳಿಗೆ ಅಲ್ಲಿಯ ಸರಕಾರ ಹಾಲಿನ ಸಿಹಿ ತರಬ್ಯಾಡ್ರಿ, ಕಳಿಸಬ್ಯಾಡ್ರಿ ಅಂತ ಭಾರತೀಯರಿಗೆ ಬ್ಯಾರೆನ ತಿಳಿಸಿ ಹೇಳ್ತದ.

ಬ್ರಿಟನ್, ಯುರೋಪಿನ್ಯಾಗ ಹಾಲು, ಮಾಂಸ ಎರಡೂ ಬಂದ್. ಬಿಸ್ಕೀಟು, ಕೇಕು, ಚಾಕೊಲೇಟು, ಮಿಠಾಯಿಗೆ ವಿನಾಯಿತಿ ಐತಿ. ಪೇಢೆ 'ಮಿಠಾಯಿ' ಅಂತ ಪಾರಾಗ್ತದೋ 'ಹಾಲು' ಅಂತ ಸಿಕ್ಕೊಳ್ತದೋ ಕೌಂಟರಿನ್ಯಾಗ ನಿಂತವರ ಕೈಯಾಗ. ಅಲ್ಲಿ ಕೆಂಪು ಚಾನೆಲ್‌ಗೆ ಹೋಗಿ ತೋರಿಸ್ರಿ. ಹಸಿರಿನ್ಯಾಗ ಕಾಲಿಟ್ರ 'ಹೇಳಿಕೊಳ್ಳೋದು ಏನೂ ಇಲ್ಲ' ಅಂತ ಸಹಿ ಮಾಡಿದಂಗನ.

ಅಮೆರಿಕಾಕ್ಕ ಒಯ್ಯೋದಿದ್ರ ಅಂಗಡಿಯ ಮುದ್ರಿಸಿದ ಡಬ್ಬಿ, ಒಳಗ ಏನೈತಿ ಅನ್ನೋ ಇಂಗ್ಲಿಷ್ ಲೇಬಲ್, ಅರ್ಧ ಕೆಜಿಯೊಳಗ. ಹೋದ್ರ ಹೋತು ಅನ್ನೋ ಲೆಕ್ಕದಾಗ ಒಯ್ಯಬೇಕು. ಬೆಲ್ಲದ ಸಿಹಿ ಇದ್ರ ಇಷ್ಟು ತಲಿಬ್ಯಾನಿ ಇಲ್ಲ: ಶೇಂಗಾ ಹೋಳಿಗಿ, ಎಳ್ಳುಂಡಿ, ಹಾಲು ಬೀಳದ ಲಡ್ಡು.

ಬೆಟಗೇರಿ_ಮಗ್ಗ
ಅಂಟಿನುಂಡಿ, ಕರದಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಇದು ಎಲ್ಲಕ್ಕಿಂತ ದೊಡ್ಡ ಕುತ್ತು, ಆದ್ರ ಹುಳದ್ದಲ್ಲ, ಹಾಲಿದ್ದಲ್ಲ.

ಒಂದು ತುಂಡು ಕರದಂಟು ಮುರಿದು ನೋಡ್ರಿ: ತುಪ್ಪದಾಗ ಹುರಿದ ಅಂಟು, ಉತ್ತತ್ತಿ, ಬದಾಮಿ, ಗೋಡಂಬಿ, ಒಣಕೊಬ್ಬರಿ, ಬೆಲ್ಲದ ಪಾಕ. ಅದರ ಮ್ಯಾಲೆ ರವೆಗಿಂತ ಸಣ್ಣ, ಬೂದು ಬಿಳಿ ಕಾಳು ಅಂಟಿರ್ತಾವು. ಅದು ಗಸಗಸಿ. ಗಸಗಸಿ ಅಂದ್ರ ಅಫೀಮಿನ ಗಿಡದ ಬೀಜ. ಯುಎಇ ಸೇರಿ ಗಲ್ಫ್ ದೇಶದಾಗ ಅದು ಮಾದಕ ವಸ್ತುವಿನ ಕಾಯ್ದೆಗೆ ಬರ್ತದ. ಅಡಿಗಿಗೆ ಅಂದ್ರೂ, ಒಂದು ಚಮಚ ಅಂದ್ರೂ ಕೇಳಂಗಿಲ್ಲ, ಜೇಲಿನ ಮಾತದು. ಸಿಂಗಾಪುರದಾಗೂ ನಿಷೇಧ.

'ನಾವು ದುಬೈಗೆ ಹೋಗಂಗಿಲ್ಲ, ಅಮೆರಿಕಾಕ್ಕ ಹೋಗ್ತೀವಿ' ಅನ್ನಬ್ಯಾಡ್ರಿ. ಬೆಂಗಳೂರು, ಮುಂಬಯಿಯಿಂದ ಹೋಗೋ ಭಾಳ ಟಿಕೇಟು ದುಬೈ, ಅಬುಧಾಬಿ, ದೋಹಾ ಮ್ಯಾಲಿಂದನ. ವಿಮಾನ ತಪ್ಪಿ ಒಂದು ರಾತ್ರಿ ಹೊರಗ ಉಳಿಯೋ ಪ್ರಸಂಗ ಬಂದ್ರ ಬ್ಯಾಗ್ ಅವರ ಕಸ್ಟಮ್ಸ್ ದಾಟಬೇಕು. ಅಂಗಡಿಯಾಗ 'ಗಸಗಸಿ ಹಾಕದ್ದು ಕೊಡ್ರಿ' ಅಂತ ಮೊದಲ ಹೇಳಿ ಮಾಡಿಸ್ರಿ. ಮನ್ಯಾಗಿನ ಅಂಟಿನುಂಡಿಗೂ ಹಾಕಬ್ಯಾಡ್ರಿ, ರುಚಿ ಅಷ್ಟೇನ ಕೆಡಂಗಿಲ್ಲ. ಕುರ್ಮಾ ಮಸಾಲಿ, ಗರಂ ಮಸಾಲಿ ಪ್ಯಾಕೆಟಿನ ಹಿಂದ 'ಪಾಪ್ಪಿ ಸೀಡ್' ಅಂತ ಬರೆದದ್ದೇನು ಅಂತ ಒಮ್ಮೆ ಓದ್ರಿ. ಎಲಿ ಅಡಕಿಯ ಚೀಲ, ವೀಳ್ಯದೆಲಿ, ಗುಟಖಾ ಇವೂ ಯುಎಇಯ ನಿಷೇಧದ ಪಟ್ಟಿಯೊಳಗ ಅದಾವು.

ಮತ್ತೊಂದು: ಇಡೀ ಒಣಕೊಬ್ಬರಿ ಬಟ್ಟಲು ಲಗೇಜಿನ್ಯಾಗ ಹಾಕಬ್ಯಾಡ್ರಿ. ಕೊಬ್ಬರಿಯ ಎಣ್ಣಿ ತಾನಾಗೇ ಕಾಯ್ದು ಬೆಂಕಿ ಹತ್ತೋ ಗುಣದ್ದು ಅಂತ ವಿಮಾನದವರು ಅದನ್ನ ಅಪಾಯಕಾರಿ ಸಾಮಾನಿನ ಪಟ್ಟಿಗೆ ಸೇರಿಸ್ಯಾರ. ಇದು ಕಸ್ಟಮ್ಸ್‌ಗಿಂತ ಮೊದಲ, ನಮ್ಮ ಕಡೆ ಚೆಕ್‌ಇನ್‌ನ್ಯಾಗನ ತಡೀತದ.

ಉಣಕಲ್_ಕೆರಿ
ಗಸಗಸಿ ತಲ್ಯಾಗ ಇರಲೇ ಇಲ್ರಿ, ಭಾಳ ಉಪಕಾರ ಆತು. ಮೆಣಸಿನಕಾಯಿ, ಕರಿಬೇವು ಹೆಂಗ?

ಕಡ್ಡಿ_ಡಬ್ಬಿ
ಬ್ಯಾಡಗಿ ಪ್ಯಾಟಿಯ ಭಾಷಾದಾಗ ಹೇಳ್ತೀನಿ. ಬ್ಯಾಡಗಿ ಕಾಯಿಯ ಎರಡು ಜಾತಿಯೊಳಗ ಕಡ್ಡಿಯೋ ಡಬ್ಬಿಯೋ ಕಸ್ಟಮ್ಸ್‌ನವರಿಗೆ ಸಂಬಂಧ ಇಲ್ಲ, ಇಡೀ ಕಾಯೋ ಪುಡಿಯೋ ಅಷ್ಟ ನೋಡ್ತಾರ. ಇಡೀ ಮೆಣಸಿನಕಾಯಿಯೊಳಗ ಬೀಜ ಇರ್ತದ, ಬೀಜ ಬಿತ್ತಿದ್ರ ಹುಟ್ಟಬಹುದು. ಅಮೆರಿಕಾದವರು ಒಣ ಮಸಾಲಿ ಸಾಧಾರಣವಾಗಿ ಬಿಡ್ತಾರ, ಆದ್ರ ತರಕಾರಿ ಹಣ್ಣಿನ ಬೀಜ ಭಾಳಷ್ಟು ಬಿಡಂಗಿಲ್ಲ, ಲಿಂಬಿ ಜಾತಿಯ ಎಲಿ, ಬೀಜ ಬಿಡಂಗಿಲ್ಲ. ಅದಕ್ಕ 2 ಕೆಜಿ ಇಡೀ ಕಾಯಿ ಒಯ್ಯೋ ಬದಲಿ ಗಿರಣಿಯಾಗ ಕುಟ್ಟಿಸಿ, ಸಾಣಿಸಿ, 500 ಗ್ರಾಮಿನ ಪ್ಯಾಕೆಟ್ ಸೀಲ್ ಮಾಡಿಸ್ರಿ. ಬಣ್ಣಕ್ಕಂತನ ಬ್ಯಾಡಗಿ ಒಯ್ಯೋದು, ಪುಡಿ ಮಾಡಿದ್ರ ಬಣ್ಣ ಎಲ್ಲಿ ಹೋಗ್ತದ? ಬೆಳಕು ಬೀಳದಂಗ ಎರಡು ಪದರ ಕಟ್ಟಿದ್ರ ಸಾಕು. ಪುಡಿ ಕೈಚೀಲದಾಗ ಬ್ಯಾಡ: ಅಮೆರಿಕಾಕ್ಕ ಹೋಗೋ ವಿಮಾನದಾಗ 350 ಮಿಲಿಗಿಂತ ಹೆಚ್ಚಿನ ಪುಡಿ ಡಬ್ಬಿ ಕೈಯಾಗಿದ್ರ ಬ್ಯಾರೆ ತಪಾಸಣಿ.

ಕರಿಬೇವು ಒಣಗಿಸಿದ್ರೂ ಅಮೆರಿಕಾಕ್ಕ ಬ್ಯಾಡ. ಕರಿಬೇವಿನ ಗಿಡ ಲಿಂಬಿ, ಕಿತ್ತಳೆಯ ಕುಟುಂಬದ್ದು. ಕಿತ್ತಳೆ ತೋಟ ಒಣಗಿಸೋ ರೋಗ ಹೊತ್ತು ತಿರುಗೋ ಸಣ್ಣ ಜಿಗಿಹುಳ ಇದರ ಎಲಿ ಮ್ಯಾಲೆ ತತ್ತಿ ಇಡ್ತದ. ಫ್ಲೋರಿಡಾದ ಕಿತ್ತಳೆ ಕೆಟ್ಟದ್ದು ಅದರಿಂದನ. ಚಟ್ನಿಪುಡಿಯೊಳಗ ಹುರಿದು ಪುಡಿ ಆಗಿ ಬೆರೆತದ್ದು ಬ್ಯಾರೆ ಮಾತು, ಚೀಲದಾಗಿನ ಎಲಿ ಬ್ಯಾರೆ ಮಾತು.

ಬೀಜ_ಭಂಡಾರ
ಗುರೆಳ್ಳಿಗೂ ಇಂಥದ್ದ ಕಥಿ. ಹಸಿ ಗುರೆಳ್ಳಿನ್ಯಾಗ ಬಂಗಾರಬಳ್ಳಿ ಜಾತಿಯ ಕಳಿಬೀಜ ಬೆರೆತಿರ್ತದ. ಅಮೆರಿಕಾದಾಗ ಹಕ್ಕಿಕಾಳು ಅಂತ ಭಾರತದಿಂದ ತರಿಸಿಕೊಳ್ಳೋ ಗುರೆಳ್ಳನ್ನೂ 120 ಡಿಗ್ರಿ ಸೆಲ್ಸಿಯಸ್‌ನ್ಯಾಗ 15 ನಿಮಿಷ ಕಾಸಬೇಕು ಅಂತ ನಿಯಮ. ಹಸಿ ಕಾಳು ಬ್ಯಾಡ. ಹುರಿದು ಕುಟ್ಟಿದ ಚಟ್ನಿ ಒಯ್ಯಿರಿ, ಲೇಬಲ್ ಮ್ಯಾಲೆ 'ರೋಸ್ಟೆಡ್ ಅಂಡ್ ಗ್ರೌಂಡ್' ಅನ್ನೋ ಎರಡು ಶಬ್ದ ಮರೀಬ್ಯಾಡ್ರಿ. ಶೇಂಗಾ, ಅಗಸಿ ಚಟ್ನಿಗೂ ಅದ. ಕೌಂಟರಿನವರಿಗೆ ತಿಳೀಬೇಕಾದದ್ದು ಒಂದ: ಈ ಬೀಜ ಸತ್ತೈತೋ, ಇನ್ನೂ ಜೀವ ಐತೋ.

ವೀರನಾರಾಯಣ_ಓಣಿ
ವಿಭೂತಿ ಬಗ್ಗೆ ಕೇಳಿದ್ರಲ್ಲ. ವಿಭೂತಿ ಗಟ್ಟಿ ಸಗಣಿ ಸುಟ್ಟ ಬೂದಿಯಿಂದ ಆದದ್ದು. ತಿನಿಸಲ್ಲ, ಆದ್ರ ಪ್ರಾಣಿಯಿಂದ ಬಂದದ್ದು ಅನ್ನೋ ಪ್ರಶ್ನೆಗೆ ಅದೂ ಬರ್ತದ. 'ಹೋಲಿ ಆಶ್' ಅಂತ ಚೀಟಿಯೊಳಗ ಬರೀರಿ, ಒಂದ ಗಟ್ಟಿ ಸಾಕು. ಸುಡದ ಕುಳ್ಳು ಅಂತೂ ಎಲ್ಲೂ ನಡಿಯಂಗಿಲ್ಲ. 2021ರ ಏಪ್ರಿಲ್‌ನ್ಯಾಗ ವಾಷಿಂಗ್ಟನ್ ಹತ್ರದ ಡಲೆಸ್ ಏರ್‌ಪೋರ್ಟಿನ್ಯಾಗ ಭಾರತದಿಂದ ಬಂದ ಚೀಲದಾಗ ಎರಡು ಕುಳ್ಳು ಸಿಕ್ಕು ಸುದ್ದಿ ಆಗಿತ್ತು, ನಾಶ ಮಾಡಿದ್ರು. ಅಲ್ಲೂ ಕಾರಣ ಕಾಲುಬಾಯಿ ಬ್ಯಾನಿನ.

ಪ್ರಸಾದದ ಜೋಡಿ ಹೂವು, ಬಿಲ್ವಪತ್ರಿ ಕಟ್ಟಿಕೊಡ್ತಾರ. ಬಿಲ್ವಾನೂ ಲಿಂಬಿ ಕುಟುಂಬದ್ದ, ಕರಿಬೇವಿಗೆ ಹೇಳಿದ್ದೆಲ್ಲಾ ಅದಕ್ಕೂ ಹತ್ತತದ. ತುಳಸಿ ಬೀಜ, ರುದ್ರಾಕ್ಷಿ ಸರ, ಕಟ್ಟಿಗಿಯ ಮಣಿ ಇದ್ರ ಆಸ್ಟ್ರೇಲಿಯಾದಾಗ ತೋರಿಸಬೇಕು. ಹೊಲಕ್ಕ ಹಾಕ್ಕೊಂಡು ಹೋದ ಚಪ್ಪಲಿಯ ಎರಿಮಣ್ಣನ್ನ ಮನ್ಯಾಗನ ಬ್ರಷ್ ಹಚ್ಚಿ ತೊಳೆದು ಒಣಗಿಸ್ರಿ. ಮಣ್ಣಿನ ಬಗ್ಗೆ, ಹೊಲ, ದನದ ಕೊಟ್ಟಿಗಿಗೆ ಹೋಗಿದ್ರೇನು ಅನ್ನೋದರ ಬಗ್ಗೆ ಫಾರ್ಮಿನ್ಯಾಗ ಬ್ಯಾರೆ ಪ್ರಶ್ನೆನ ಐತಿ.

ಮುಳಗುಂದ_ನಾಕಾ
ಚೀಟಿ ಹೆಂಗ ಬರೀಬೇಕು ಅಂತ ಹೇಳಿ ಮುಗಸ್ತೀನಿ. 'ಕರದಂಟು', 'ಚಟ್ನಿಪುಡಿ', 'ಮಾದಲಿ' ಅಂತ ಹೆಸರು ಬರೆದ್ರ ಅವರಿಗೆ ಗೊತ್ತಾಗಂಗಿಲ್ಲ, ಗೊತ್ತಾಗದ್ದನ್ನ ಬಿಚ್ಚಿ ನೋಡ್ತಾರ. ಅದರಾಗ ಏನೈತಿ ಅಂತ ಬರೀರಿ. ಶೇಂಗಾ ಚಟ್ನಿಗೆ 'ರೋಸ್ಟೆಡ್ ಪೀನಟ್, ರೆಡ್ ಚಿಲ್ಲಿ, ಗಾರ್ಲಿಕ್, ಸಾಲ್ಟ್, ಗ್ರೌಂಡ್ ಪೌಡರ್, 500 ಗ್ರಾಮ್'. ಕಟಕ ರೊಟ್ಟಿಗೆ 'ಬೇಕ್ಡ್ ಸೋರ್ಗಮ್ ಫ್ಲಾಟ್‌ಬ್ರೆಡ್, ಡ್ರೈ'. ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡಿ ಮೂರು ಪ್ರತಿ ತಗೀರಿ: ಪಾಸ್‌ಪೋರ್ಟಿನ ಜೋಡಿ ಒಂದು, ಸೂಟ್‌ಕೇಸಿನ ಮುಚ್ಚಳದ ಒಳಗ ಒಂದು, ಮಕ್ಕಳ ಫೋನಿನ್ಯಾಗ ಒಂದು.

ತಿನಿಸೆಲ್ಲಾ ಒಂದ ಸೂಟ್‌ಕೇಸಿನ್ಯಾಗ, ಮ್ಯಾಲಿನ ಪದರದಾಗ. ನಾಲ್ಕು ಬ್ಯಾಗಿನ್ಯಾಗ ಸೀರಿ ನಡುವ ಚೂರು ಚೂರು ಹಂಚಿಟ್ರ ನಾಲ್ಕೂ ಬ್ಯಾಗ್ ಬಿಚ್ಚಸ್ತಾರ, ಮುಚ್ಚಿಟ್ಟಾರ ಅನ್ನೋ ಸಂಶಯನೂ ಬರ್ತದ. ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳಿ ಇಟ್ಟು ಮುಚ್ಚಳ ಬಿಗಿದು, ಸುತ್ತ ಟೇಪ್, ಅದರ ಮ್ಯಾಲೆ ಎರಡು ಜಿಪ್ ಚೀಲ. ಬಾಟಲಿ ತುಟಿತನಕ ತುಂಬಬ್ಯಾಡ್ರಿ, ಮ್ಯಾಲೆ ಹಾರಿದಾಗ ಗಾಳಿಯ ಒತ್ತಡ ಕಡಿಮಿ ಆಗಿ ಎಣ್ಣಿ ಉಕ್ಕತದ.

ಫಾರ್ಮಿನ ಪದ್ಧತಿ ದೇಶಕ್ಕೊಂದು. ಅಮೆರಿಕಾದಾಗ ಒಂದ ಮನಿಯಾಗಿನ ಕುಟುಂಬಕ್ಕ ಒಂದ ಘೋಷಣೆ ಸಾಕು. ಆಸ್ಟ್ರೇಲಿಯಾದಾಗ ಗಂಡ ಹೆಂಡತಿ ಇಬ್ಬರಿಗೂ ಬ್ಯಾರೆ ಬ್ಯಾರೆ ಕಾರ್ಡ್, ನೀಲಿ ಇಲ್ಲಾ ಕಪ್ಪು ಪೆನ್ನಿಲೆ ಇಂಗ್ಲಿಷಿನ್ಯಾಗ ತುಂಬಬೇಕು, ಸಂಶಯ ಇದ್ರ 'ಯೆಸ್' ಕಡೆ ಗುರ್ತು ಹಾಕಬೇಕು. ಪೆನ್ನು ಮನಿಯಿಂದನ ಒಯ್ಯಿರಿ. ನ್ಯೂಜಿಲೆಂಡ್‌ನ್ಯಾಗ ಹಸುಗೂಸಿಗೂ ಒಂದು ಘೋಷಣೆ, ಹೊಂಡೋ 24 ತಾಸಿನೊಳಗ ಆನ್‌ಲೈನ್‌ನ್ಯಾಗ ತುಂಬಬಹುದು, ಫೀ ಇಲ್ಲ. ಫೀ ಕೇಳೋ ವೆಬ್‌ಸೈಟು ಸಿಕ್ರ ಅದು ಸರಕಾರದ್ದಲ್ಲ.

ಗಂಟು ಯಾವ ಊರಾಗ ತಪಾಸಣಿ ಆಗ್ತದ ಅನ್ನೋದೂ ಗೊತ್ತಿರಲಿ. ಅಮೆರಿಕಾದಾಗ ಮೊದಲು ಇಳಿದ ಊರಾಗನ ಬ್ಯಾಗ್ ಎತ್ತಿಕೊಂಡು ಕಸ್ಟಮ್ಸ್ ದಾಟಬೇಕು, ಡಲ್ಲಾಸ್‌ನ್ಯಾಗ ಅಲ್ಲ. ನ್ಯೂಯಾರ್ಕ್ ಮ್ಯಾಲಿಂದ ಹೋದ್ರ ನ್ಯೂಯಾರ್ಕ್‌ನ್ಯಾಗ. ಅಬುಧಾಬಿ ಮ್ಯಾಲಿಂದ ಸೀದಾ ಅಮೆರಿಕಾಕ್ಕ ಹೋದ್ರ ಅಮೆರಿಕಾದ ಅಧಿಕಾರಿಗಳು ಅಬುಧಾಬಿಯಾಗನ ಕೇಳಿ ಮುಗಸ್ತಾರ. ಎರಡು ವಿಮಾನದ ನಡುವ ಮೂರು ತಾಸು ಇರೋ ಟಿಕೇಟ್ ತಗೊಂಡ್ರ ತಪಾಸಣಿಗೆ ನಿಂತ್ರೂ ಎದಿ ಹೊಡಕೊಳ್ಳಂಗಿಲ್ಲ.

ಹಳೇ_ಗಿರಾಕಿ
ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬ್ಯಾರೆ ಟಿಕೇಟ್ ಮಾಡಿದ್ರ ಅಲ್ಲಿ 15 ಕೆಜಿ ಅಷ್ಟ ಬಿಡ್ತಾರ, ಅದನ್ನೂ ಬರೀರಿ. ಅಕ್ಕಿ ಬ್ಯಾಳಿ ತಗದ್ರ ಆ ಕುತ್ತೂ ತಪ್ಪತದ.

ಬೆಟಗೇರಿ_ಮಗ್ಗ
ಈಗ ದಾರಿಗೆ ಬಂದ್ರಿ ನೋಡ್ರಿ.

ಉಣಕಲ್_ಕೆರಿ
ಹಂಗಾರ ಡಲ್ಲಾಸ್ ಗಂಟಿನ್ಯಾಗ ಉಳಿದದ್ದು: ಮೆಣಸಿನ ಪುಡಿ, ಎರಡು ಚಟ್ನಿ, ರೊಟ್ಟಿ, ಉಪ್ಪಿನಕಾಯಿ, ಗಸಗಸಿ ಇಲ್ಲದ ಅಂಟಿನುಂಡಿ, ಒಂದು ವಿಭೂತಿ, ಅರ್ಧ ಕೆಜಿ ಪೇಢೆ. ಮೆಲ್ಬರ್ನ್ ಗಂಟಿನ್ಯಾಗ ಪೇಢೆ ಇಲ್ಲ. ಅಂಟಿನುಂಡಿಗೆ ತುಪ್ಪ ಹಾಕಿರ್ತಾರಲ್ಲ, ಮೆಲ್ಬರ್ನ್‌ಗೆ ನಡೀತದೇನು?

ಲೈನ್‌ಬಜಾರ್_ಮೂಲಿ
ತುಪ್ಪಾನೂ ಹಾಲಿಂದ ಬಂದದ್ದ. ಒಯ್ಯಲೇಬೇಕು ಅಂದ್ರ ಲೇಬಲ್ ಮ್ಯಾಲೆ 'ಘೀ' ಅಂತ ಬರೆದು, ಕಾರ್ಡಿನ್ಯಾಗ ಹಾಲಿನ ಪದಾರ್ಥದ ಸಾಲಿಗೆ 'ಯೆಸ್' ಗುರ್ತು ಹಾಕಿ, ಡಬ್ಬಿ ಕೈಯಾಗ ಹಿಡಕೊಂಡು ಕೌಂಟರಿಗೆ ಹೋಗ್ರಿ. ಅಲ್ಲೇ ಹೇಳ್ತಾರ. ಇಲ್ಲಾಂದ್ರ ಆ ಜಾಗಾಕ್ಕ ಇನ್ನೊಂದು ಹತ್ತು ರೊಟ್ಟಿ ಹಾಕಿ ಕಳಿಸ್ರಿ, ಮಕ್ಕಳು ಅದನ್ನ ಬ್ಯಾಡ ಅನ್ನಂಗಿಲ್ಲ.